ಬಾಡಿಗಿ ರೊಕ್ಕ ಯಾರ ಫೋನಿಗೆ ಬರಬೇಕು?

ಎರಡು-ಮೂರು ಬಾಡಿಗಿ ಮನಿ ಇದ್ದವರಿಗೆಲ್ಲಾ ನಂದೊಂದು ಪ್ರಶ್ನೆ. ತಿಂಗಳಾ ಐದನೇ ತಾರೀಖಿನೊಳಗ ಬಾಡಿಗಿ ಬಂತು ಅಂತ ಸಪ್ಪಳಾಗೂದು ಯಾರ ಫೋನಿನಾಗ? ನಿಮ್ಮ ಫೋನಿನಾಗ ಅಂತಿದ್ರ ಇದನ್ನ ಓದೂದು ಬಿಟ್ಟು ಒಲಿ ಮ್ಯಾಲಿನ ಹಾಲು ನೋಡ್ಕೋರಿ. ಉಳದವರು ಸ್ವಲ್ಪ ಕೂಡ್ರಿ. ನನಗ ಅನಸೂ ಪ್ರಕಾರ ನೀವ ಹೆಚ್ಚಿದ್ದೀರಿ.

ನಮ್ಮತ್ತಿಯವರ ಕಾಲದಾಗ ಈ ಪ್ರಶ್ನೇನ ಇರಲಿಲ್ಲ. ಧಾರವಾಡದ ನಮ್ಮ ಮನಿ ಹಿತ್ತಲದಾಗ ಎರಡು ಖೋಲಿ ಬಾಡಿಗಿ ಕೊಟ್ಟಿದ್ರು. ಬಾಡಿಗಿಯವರ ಹೆಣ್ಮಕ್ಕಳು ಹಿತ್ತಲ ಬಾಗಲಿಂದ ಅಡಗಿಮನಿಗೆ ಬಂದು ರೊಕ್ಕಾ ಅತ್ತಿ ಕೈಯಾಗ ಕೊಡೋರು. ಅತ್ತಿ ಎಣಿಸಿ, ಗ್ವಾಡಿ ಮ್ಯಾಲಿನ ಕಾಲನಿರ್ಣಯದಾಗ ಆ ತಾರೀಖಿನ ಚೌಕದೊಳಗ ಬರದು, ಡಬ್ಬಿಯೊಳಗ ಇಡೋರು. ಮನಿ ಕಾಗದಾ ಮಾವನವರ ಹೆಸರಿಲೆ ಇದ್ವು ಖರೆ, ಆದ್ರ ಡಬ್ಬಿ ಅತ್ತಿ ಕಡೆ. ರೊಕ್ಕಾ ಕೊಡೂಮುಂದನ ಅವರು "ಕಾಕು, ನಳಾ ಸೋರಲಿಕ್ಕತ್ತದ" ಅನ್ನೋರು, ಅತ್ತಿ ಅದರಾಗಿಂದನ ತಗದು ನಳದವನ್ನ ಕರಸೋರು. ಸಂಜೀಕೆ ಕೆಲಸಾ ಮುಗದಿರತಿತ್ತು. ಯಾರನ್ನೂ ಕೇಳೂದಿಲ್ಲ, ಯಾರಿಗೂ ಲೆಕ್ಕಾ ಒಪ್ಪಸೂದಿಲ್ಲ.

2016ರಾಗ ಯುಪಿಐ ಬಂತು, ಅದ ವರ್ಷ ಹಳೇ ನೋಟು ಬಂದಾದ್ವು, ಆಮ್ಯಾಲೆ ಕೊರೊನಾ. ಈಗ ಕೊತ್ತಂಬರಿ ಸಿವುಡಿಗೂ ಫೋನ್ ಪೇ. ಬಾಡಿಗಿನೂ ಹಂಗ. ನಾ ಏನು ಹಳೇ ಡಬ್ಬಿ ವಾಪಸ್ ಬರ್ಲಿ ಅನ್ನೂದಿಲ್ಲ. ಫೋನಿನಾಗ ಬಂದದ್ದು ಯಾರೂ ಇಲ್ಲಾ ಅನ್ನಲಿಕ್ಕೆ ಬರೂದಿಲ್ಲ, ತಾರೀಖು ಸಹಿತ ಇರ್ತದ. ಆದ್ರ ಬಾಡಿಗಿಯವರು ನಂಬರ್ ಕೇಳಿದಾಗ ನಾವು ಕೊಟ್ಟಿದ್ದು ಯಾರ ನಂಬರು? ಗಂಡಂದು, ಇಲ್ಲಾ ಬೆಂಗಳೂರಾಗ, ಪುಣೇದಾಗ ಇರೋ ಮಗಂದು. ಯಾರೂ ಜಗಳಾ ಮಾಡಿ ಕಸಗೊಂಡಿಲ್ಲ. ಸದ್ದಿಲ್ಲದ ಹೋತು.

ಕೆಲಸ ಮಾತ್ರ ಹೋಗಲಿಲ್ಲ ನೋಡ್ರಿ. ನಮ್ಮದು ಹಿತ್ತಲದ ಎರಡು ಖೋಲಿ ಓದೋ ಹುಡುಗರಿಗೆ, ಮ್ಯಾಲಿಂದು ಒಂದು ಸಂಸಾರಕ್ಕ. ಸಪ್ತಾಪುರದ ಕಡೆ ಮನಿ ಇದ್ದವರಿಗೆ ಈ ಹುಡುಗರದ್ದು ಗೊತ್ತದ. ಪಿಎಸ್ಐ, ಕೆಎಎಸ್ ಅಂತ ಕೊಪ್ಪಳ, ರಾಯಚೂರು, ವಿಜಯಪುರದಿಂದ ಬರ್ತಾರ. ನೋಟಿಫಿಕೇಶನ್ ಬಂದ್ರ ಖೋಲಿ ಸಾಲೂದಿಲ್ಲ, ಪರೀಕ್ಷಾ ಮುಂದಕ್ಕ ಹೋತಂದ್ರ ಗಾದಿ ಸುತಗೊಂಡು ಊರ ದಾರಿ ಹಿಡೀತಾರ. ಕೀಲಿಕೈ ಕಳಕೊಂಡ್ರ ರಾತ್ರಿ ಹನ್ನೊಂದಕ್ಕ ಬಾಗಲಾ ಬಡಿಯೂದು ನಮ್ಮದ. ಬಚ್ಚಲದ ನಳಗ್ಯಾಗ ಅನ್ನ ಸಿಕ್ಕೊಂಡ್ರ, ನೀರು ಬಿಟ್ಟ ದಿವಸ ಟಾಕಿ ತುಂಬಲಿಲ್ಲಂದ್ರ, ಜ್ವರಾ ಬಂದು ಮಲಗಿದ್ದಾಂವಗ ಗಂಜಿ ಬೇಕಾದ್ರ, ಎಲ್ಲಾ ಮೌಶಿ, ಮೌಶಿ. ಬಾಡಿಗಿ ಒಂದು ಮಾತ್ರ ಕಾಕಾ.

ಇದು ಬರೇ ಮಾನದ ಮಾತಾಗಿದ್ರ ನಾ ಇಷ್ಟು ಬರೀತಿರಲಿಲ್ಲ. ರೊಕ್ಕಾ ಒಬ್ಬರ ಕೈಯಾಗ, ತಕರಾರು ಇನ್ನೊಬ್ಬರ ಕಿವಿಯಾಗ ಆದ್ರ ಆ ಮನಿ ಉಳಿಯೂದಿಲ್ಲ ಅಂತ ನನ್ನ ಮತ. ನಮ್ಮ ಓಣಿಯಾಗ ಒಬ್ಬ ಹಿರೀ ಮೌಶಿ, ಗಂಡ ಹೋಗ್ಯಾರ, ಐದು ಖೋಲಿ. ಬಾಡಿಗಿ ಎಲ್ಲಾ ಮಗನ ಖಾತೆಗೆ. ಮಗ ಕೆಟ್ಟಾಂವ ಅಲ್ಲ, ಖರ್ಚಿಗೆ ತಪ್ಪದ ಕಳಸ್ತಾನ. ಕಳೆದ ಬ್ಯಾಸಗ್ಯಾಗ ಬೋರಿನ ಮೋಟರ್ ಸುಟ್ಟಿತು. ಮೌಶಿ ಫೋನ್ ಮಾಡಿದ್ರು, ಅಂವ ಮೀಟಿಂಗ್‌ನಾಗ. ಮರುದಿವಸ ಕೊಟೇಶನ್ ತಗೋ ಅಂದ. ಅದರ ಮರುದಿವಸ ಇಷ್ಟ್ಯಾಕ ಅಂದ. ಹಿಂಗ ಆರು ದಿವಸ. ಮುಂದಿನ ತಿಂಗಳು ಎರಡು ಖೋಲಿ ಖಾಲಿ. ಈಗ ಅಂವ ಏನಂತಾನ, "ಈ ಬಾಡಿಗಿ ಮನಿ ಬರೇ ತಲಿನೋವು, ಮಾರಿಬಿಡೂಣು." ಮೌಶಿ ರಾತ್ರಿ ನಿದ್ದಿ ಮಾಡೂದಿಲ್ಲ. ಮೋಟರ್ ರೊಕ್ಕ ಅವರ ಕೈಯಾಗ ಇದ್ದಿದ್ರ ಎರಡನೇ ದಿವಸ ನೀರು ಬರ್ತಿತ್ತು, ಮಾರೂ ಮಾತ ಹುಟ್ಟತಿರಲಿಲ್ಲ.

ನಮ್ಮ ಮನ್ಯಾಗ ಏನು ಮಾಡೇವಿ ಹೇಳ್ತೇನಿ. ಬಾಡಿಗಿ ಸಂಬಂಧನ ಒಂದು ಬ್ಯಾರೆ ಜಂಟಿ ಖಾತೆ, ನಂದೂ ನಮ್ಮನಿಯವರದೂ, ಐದರ್ ಆರ್ ಸರ್ವೈವರ್ ಅಂತ ಬರಸೇವಿ. ಹಂಗಂದ್ರ ಇಬ್ಬರಾಗ ಯಾರು ಬೇಕಾದ್ರೂ ತಗೀಬಹುದು, ಒಬ್ಬರಿಲ್ಲದಾಗ ಇನ್ನೊಬ್ಬರಿಗೆ ತಡಿ ಇಲ್ಲ. ಅದರ ಯುಪಿಐ ನನ್ನ ಫೋನಿಗೆ. ಮನಿಯಿಂದ ಬರೋದೆಲ್ಲಾ ಅದರಾಗ, ಮನಿಗೆ ಹೋಗೂದೂ ಅದರಾಗಿಂದನ. ಕಿರಾಣಿ, ಲಗ್ನದ ಆಹೇರಿ ಅದರಾಗ ಕಲಸೂದಿಲ್ಲ.

ಒಂದು ಮಾತು ಮಾತ್ರ ತಿಳಕೋರಿ. ನಿಮ್ಮ ಫೋನಿಗೆ ಬಂತಂದ್ರ ಟ್ಯಾಕ್ಸಿನ ಲೆಕ್ಕದಾಗ ಅದು ನಿಮ್ಮ ಆದಾಯ ಆಗೂದಿಲ್ಲ. ಮನಿ ಯಾರ ಹೆಸರಿಲೆ ಅದ, ಅವರ ರಿಟರ್ನಿನಾಗ ತೋರಸಬೇಕು. ಗಂಡ ಪುಕ್ಕಟೆ ಹೆಂಡ್ತಿ ಹೆಸರಿಗೆ ಮಾಡಿಕೊಟ್ರೂ ಆ ಬಾಡಿಗಿ ಟ್ಯಾಕ್ಸಿನವರ ಕಣ್ಣಿಗೆ ಗಂಡಂದ. ತೌರಮನಿಯಿಂದ ಪಾಲು ಬಂದದ್ದು, ನಿಮ್ಮ ಸ್ವಂತ ರೊಕ್ಕದಾಗ ತಗೊಂಡಿದ್ದು ಇದ್ರ ಅದು ನಿಮ್ಮದು. ತುಂಬಿದ ಮನಿಪಟ್ಟಿ ಕಳದು ಉಳದದ್ದರಾಗ ನೂರಕ್ಕ 30 ರಿಪೇರಿ ಅಂತ ಹೆಂಗೂ ಬಿಡ್ತಾರ, ಅದಕ್ಕ ರಸೀದಿ ಕೇಳೂದಿಲ್ಲ.

ಇನ್ನ ಬೆಳಸೂ ಮಾತು. ಒಂದಿದ್ದದ್ದು ಎರಡು, ಎರಡಿದ್ದದ್ದು ಮೂರು ಆಗ್ಲಿ ಅಂತ ಎಲ್ಲಾರಿಗೂ ಆಶಾ. ಮೂರು ಮನಿ ಅಂದ್ರ ವರ್ಷಕ್ಕ 36 ತಿಂಗಳ ಬಾಡಿಗಿ ಅಂತ ಗಂಡಸರು ಕಾಗದದ ಮ್ಯಾಲೆ ಗುಣಾಕಾರ ಮಾಡ್ತಾರ. ನಾ 32 ಅಂತ ಹಿಡೀತೇನಿ. ಮನಿಗೊಂದು ತಿಂಗಳು ಖಾಲಿ ಇಲ್ಲಾ ಸುಣ್ಣಾ-ಬಣ್ಣಕ್ಕ, ಉಳದ ಒಂದು ತಿಂಗಳಿಂದು ಮನಿಪಟ್ಟಿ, ಟಾಕಿ ತೊಳಸೂದು, ನಳ-ಗಿಳ. (ಮನಿಪಟ್ಟಿ ಏಪ್ರಿಲ್‌ನಾಗ ತುಂಬ್ರಿ, ನೂರಕ್ಕ 5 ಬಿಡ್ತಾರ.) ಆ 32ರಾಗ ಉಳಿಯೂದು ನಿಮ್ಮ ಖರೆ ಗಳಿಕಿ. ಡಿಪಾಜಿಟ್ ಅದರಾಗ ಸೇರಸಬ್ಯಾಡ್ರಿ, ಅದು ಅವರ ರೊಕ್ಕ, ಬಿಟ್ಟು ಹೋಗೂಮುಂದ ಕೊಡಬೇಕು.

ನಮ್ಮ ಮ್ಯಾಲಿನ ಮನಿ ಎದ್ದಿದ್ದು ಹಿತ್ತಲದ ಎರಡು ಖೋಲಿ ಬಾಡಿಗಿಯೊಳಗ ತಿಂಗಳಾ ಉಳಿಸಿ ಪೋಸ್ಟಿನಾಗ ಕಟ್ಟಿದ ಐದು ವರ್ಷದ ಆರ್‌ಡಿಯಿಂದ. ಅದಕ್ಕ ನಮ್ಮನಿಯವರ ಪಿಎಫ್ ಸ್ವಲ್ಪ ಕೂಡಿಸಿದ್ವಿ. ಬಂಗಾರ ಅಡವಿಡಲಿಲ್ಲ. ಹುಡುಗರ ಬಾಡಿಗಿ ನಂಬಿ ಬ್ಯಾಂಕಿನ ಕಂತು ಕಟ್ಟೂದು ನನಗ ಸೇರೂದಿಲ್ಲ. ಪರೀಕ್ಷಾ ಮುಂದಕ್ಕ ಹೋದ್ರೂ ಕಂತು ಮುಂದಕ್ಕ ಹೋಗೂದಿಲ್ಲ.

ಬಾಡಿಗಿ ಏರಸೂದರಾಗನೂ ನಂದೊಂದು ಹಟಾ ಅದ. 7000ದ ಮನಿಗೆ 500 ಏರಸಿದ್ರ ವರ್ಷಕ್ಕ 6000 ಹೆಚ್ಚು. ಅದ ಸಿಟ್ಟಿಗೆ ಅವರು ಬಿಟ್ಟು ಹೋಗಿ ಒಂದ ತಿಂಗಳು ಖಾಲಿ ಉಳದ್ರ 7000 ಹೋತು, ಮ್ಯಾಲೆ ಬಣ್ಣಾ, ಬ್ರೋಕರ್. ಹೊತ್ತಿಗೆ ಸರಿಯಾಗಿ ಕೊಟ್ಟು, ಟಾಕಿ ತುಂಬಿ ಹರದ್ರ ತಾವ ಮೋಟರ್ ಆರಸೋವಂಥಾ ಸಂಸಾರ ಸಿಕ್ಕದ. ಅವರಿಗೆ ನಾ ಏರಸೂದು ಎರಡು ವರ್ಷಕ್ಕೊಮ್ಮೆ, ಅದೂ ಯುಗಾದಿ ಆದ ಮ್ಯಾಲೆ. ಬ್ಯಾರೆ ಮೀಟರ್ ಹಾಕಿಸಿದ್ದೂ ಅವರ ಸಂಬಂಧ. 2023ರಾಗ ಗೃಹಜ್ಯೋತಿ ಬಂದಾಗಿಂದ ಬಾಡಿಗಿಯವರು ಮೊದಲ ಅದನ್ನ ಕೇಳ್ತಾರ. ಒಂದ ಮೀಟರಿನಾಗ ಎಲ್ಲಾರೂ ಉರಿಸಿ 200 ಯೂನಿಟ್ ದಾಟಿದ್ರ ಪೂರ್ತಿ ಬಿಲ್ ಬರ್ತದ. ನಾ ಯಾರ ಒಪ್ಪಿಗಿಗೂ ಕಾಯದ ಹಾಕಿಸಿದೆ, ರೊಕ್ಕಾ ಖಾತೆದಾಗ ಇತ್ತಲ್ಲ.

ಒಬ್ಬ ವೈನಿಗೆ ಇದನ್ನ ಹೇಳಿದ್ರ, "ನಾವೇನು ಗಂಡಾ-ಹೆಂಡ್ತಿ ಬ್ಯಾರೆ ಬ್ಯಾರೆ ಏನ್ರೀ? ಯಾರ ಖಾತೆಗೆ ಬಂದ್ರೇನು" ಅಂದ್ರು. ಯಾರ ಖಾತೆಗೆ ಬಂದ್ರೂ ಒಂದ ಅಂದ್ರ, ವೈನಿ, ನಿಮ್ಮ ಖಾತೆಗೆ ಬರ್ಲಿ ಅಲ್ಲ? ಅವರು ನಕ್ಕು ಚಹಾ ಮಾಡಲಿಕ್ಕೆ ಎದ್ರು. ಇನ್ನೊಬ್ಬರಿಗೆ ಫೋನಿನಾಗ ಮೋಸ ಆಗ್ತದಂತ ಹೆದರಿಕಿ. ರೊಕ್ಕಾ ಬರಬೇಕಾದ್ರ ಪಿನ್ ಹೊಡಿಯೂದ ಬೇಕಾಗಿಲ್ಲರಿ, ಕಳಸಬೇಕಾದ್ರಷ್ಟ ಪಿನ್. ಬಾಡಿಗಿ ಕೊಡ್ತೇನಿ, ಪಿನ್ ಹೊಡೀರಿ ಅಂತ ಯಾರರೆ ಅಂದ್ರ ಫೋನ್ ಇಟ್ಟುಬಿಡ್ರಿ.

11 ತಿಂಗಳ ಕರಾರುಪತ್ರ ಮತ್ತ ಬರಸೂ ಹೊತ್ತು ಬರ್ತದಲ್ಲ, ಖಾತೆ ಬದಲ ಮಾಡಲಿಕ್ಕೆ ಅದ ಛಲೋ ಟೈಮು. ಬಾಡಿಗಿ ಯಾವ ಖಾತೆಗೆ, ದುರಸ್ತಿಗೆ ಯಾರಿಗೆ ಹೇಳಬೇಕು ಅಂತ ಅದರಾಗನ ಬರಸ್ರಿ, ಎರಡೂ ಕಡೆ ಒಂದ ನಂಬರ್ ಇರ್ಲಿ. ಬ್ಯಾಂಕಿಗೆ ಇಬ್ಬರೂ ಕೂಡೇ ಹೋಗ್ರಿ, ಇಬ್ಬರದೂ ಆಧಾರ್, ಪ್ಯಾನ್, ಫೋಟೋ ಒಯ್ಯರಿ. ನಂಬರ್ ಜೋಡಸೂಮುಂದ ಕೌಂಟರಿನಾಂವ ಅವರ ನಂಬರ್ ಬರೀಲಿಕ್ಕೆ ಹೋಗ್ತಾನ, ನಿಮ್ಮದು ಹೇಳಿ ಬರಸ್ರಿ.