ತೋಟದ ಹಕ್ಕಿಗಳಿಗೂ ಲೆಕ್ಕದ ಪುಸ್ತಕದಲ್ಲೊಂದು ಪುಟ



ನಮ್ಮ ಮನೆಗಳಲ್ಲಿ ಲೆಕ್ಕದ ಪುಸ್ತಕಕ್ಕೆ ಬರವಿಲ್ಲ. ಅಡಿಕೆ ಎಷ್ಟು ಕಿಲೋ ಹೋಯಿತು, ಆಳುಗಳಿಗೆ ಎಷ್ಟು ದಿನದ ಸಂಬಳ, ಡೈರಿಗೆ ಎಷ್ಟು ಲೀಟರ್ ಹಾಲು, ಮೈಲುತುತ್ತಕ್ಕೆ ಈ ವರ್ಷ ಎಷ್ಟು ಕೊಟ್ಟೆವು, ಎಲ್ಲವೂ ಬರಹದಲ್ಲಿರುತ್ತದೆ. ಕೆಲವರು ದಿನದ ಮಳೆಯನ್ನೂ ಅಳೆದು ಬರೆದಿಡುತ್ತಾರೆ. ಅದೇ ಪುಸ್ತಕದಲ್ಲಿ ಒಂದು ಪುಟವನ್ನು ಹಕ್ಕಿಗಳಿಗಾಗಿ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಕೇಳಿದವರಿಗೆ ನಗು ಬರಬಹುದು. ಹಕ್ಕಿ ನೋಡುವುದು ಪೇಟೆಯವರ, ಕ್ಯಾಮರಾ ಇದ್ದವರ ಹವ್ಯಾಸ, ಸೊಂಟ ಬಗ್ಗಿಸಿ ದುಡಿಯುವವರಿಗೆ ಅದಕ್ಕೆಲ್ಲಿ ಪುರುಸೊತ್ತು ಎಂದು ಕೇಳುವವರಿದ್ದಾರೆ. ಆದರೆ ಬೆಳಗಾಗುವಾಗ ಹಟ್ಟಿಗೆ ಹೋಗುವವರು, ದಿನವಿಡೀ ತೋಟದಲ್ಲಿ ಇರುವವರು, ಮುಸ್ಸಂಜೆಗೆ ಪಂಪು ನಿಲ್ಲಿಸಲು ತೋಡಿನ ಬದಿಗೆ ಇಳಿಯುವವರು ನಾವೇ ತಾನೆ? ಹಕ್ಕಿಗಳು ನಮ್ಮ ಕಣ್ಣಿಗೆ ಬೀಳುವಷ್ಟು ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳುತ್ತವೆ, ಆದರೆ ನಾವು ಬರೆದಿಡುವುದಿಲ್ಲ.

ಬರೆದಿಡದೆ ಹೋದರೆ ಏನು ನಷ್ಟ ಎಂಬುದನ್ನು ಕಾಸರಗೋಡಿನವರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಇಲ್ಲಿನ ಗುಡ್ಡೆಗಳ ಸುಮಾರು 4,600 ಹೆಕ್ಟೇರ್ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರಿನ ಟೀ ಸೊಳ್ಳೆಯನ್ನು ಕೊಲ್ಲಲು ತಂದ ವಿಷ ಗುಡ್ಡೆಯಿಂದ ಇಳಿದು ಸುರಂಗದ ನೀರಿಗೆ, ತೋಡಿಗೆ, ಬಾವಿಗೆ ಸೇರಿತು. ಮಕ್ಕಳ ಕಾಯಿಲೆಯ ಸುದ್ದಿ ಲೋಕಕ್ಕೆ ಮುಟ್ಟಿದ್ದು ಬಹಳ ತಡವಾಗಿ. ಅದಕ್ಕೆ ಮೊದಲೇ ಜೇನು ಸತ್ತಿತ್ತು, ತೋಡಿನ ಮೀನು, ಕಪ್ಪೆಗಳು ಸತ್ತಿದ್ದವು, ಹಕ್ಕಿಗಳ ಸದ್ದು ಅಡಗಿತ್ತು ಎಂದು ಆ ಊರುಗಳ ಹಿರಿಯರು ಈಗಲೂ ಹೇಳುತ್ತಾರೆ. ಕೃಷಿ ಪತ್ರಕರ್ತರಾದ ಶ್ರೀ ಪಡ್ರೆಯವರು ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ 1979ರಲ್ಲಿಯೇ ಪತ್ರಿಕೆಯಲ್ಲಿ ಬರೆದಿದ್ದರು. ಆದರೂ ದೇಶಕ್ಕೆಲ್ಲ ಅನ್ವಯಿಸುವಂತೆ ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಈ ಮೂವತ್ತೆರಡು ವರ್ಷಗಳಲ್ಲಿ ಬಾಧಿತರನ್ನು ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: ಪುರಾವೆ ಎಲ್ಲಿದೆ? ನೆನಪು ಎಲ್ಲರಲ್ಲೂ ಇತ್ತು. ದಿನಾಂಕ ಹಾಕಿದ ಬರಹ ಇದ್ದದ್ದು ತೀರ ಕಡಿಮೆ. ಹತ್ತು ಮನೆಗಳಲ್ಲಿ ‘ಈ ತಾರೀಕಿಗೆ ಸಿಂಪಡಣೆ, ಮೂರನೇ ದಿನ ತೋಡಿನಲ್ಲಿ ಸತ್ತ ಮಿಂಚುಳ್ಳಿ, ಮುಂದಿನ ವಾರ ಜೇನುಪೆಟ್ಟಿಗೆ ಖಾಲಿ’ ಎಂದು ಬರೆದಿಟ್ಟಿದ್ದರೆ ಆ ಹತ್ತು ಪುಸ್ತಕಗಳನ್ನು ತಳ್ಳಿಹಾಕುವುದು ಯಾವ ಅಧಿಕಾರಿಗೂ ಅಷ್ಟು ಸುಲಭವಾಗುತ್ತಿರಲಿಲ್ಲ.

ಇನ್ನೊಂದು ಸಂಗತಿ ರಣಹದ್ದಿನದು. ಸತ್ತ ದನದ ಮೇಲೆ ಅವು ಇಳಿಯುತ್ತಿದ್ದುದನ್ನು ಕಂಡವರು ನಮ್ಮ ಹಿರಿಯರಲ್ಲಿ ಇದ್ದಾರೆ. ನಿಮ್ಮ ಊರಿನಲ್ಲಿ ಕೊನೆಯದಾಗಿ ರಣಹದ್ದು ಕಂಡದ್ದು ಯಾವ ವರ್ಷ ಎಂದು ಅವರಲ್ಲಿ ಕೇಳಿ ನೋಡಿ. ಒಬ್ಬರು ಒಂದು ವರ್ಷ ಹೇಳಿದರೆ ಇನ್ನೊಬ್ಬರು ಬೇರೆಯೇ ಹೇಳುತ್ತಾರೆ. 1990ರ ದಶಕದಲ್ಲಿ ದೇಶದ ಉದ್ದಗಲಕ್ಕೂ ಅವು ಲಕ್ಷಗಟ್ಟಲೆ ಸಾಯುತ್ತಿರುವಾಗ ಕಾರಣ ಯಾರಿಗೂ ತಿಳಿಯಲಿಲ್ಲ. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಚುಚ್ಚುಮದ್ದು ಆ ದನದ ಹೆಣದಿಂದ ಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬುದು ಸಿದ್ಧವಾದದ್ದು 2004ರಲ್ಲಿ. 2006ರಲ್ಲಿ ಜಾನುವಾರುಗಳಿಗೆ ಆ ಮದ್ದು ನಿಷೇಧವಾಯಿತು, 2023ರಲ್ಲಿ ಅದೇ ಜಾತಿಯ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಕೂಡ. ಅಷ್ಟರೊಳಗೆ ಕೇರಳದಲ್ಲಿ ರಣಹದ್ದುಗಳು ಉಳಿದದ್ದು ವಯನಾಡಿನ ಕಾಡಿನಲ್ಲಿ ಮಾತ್ರ. ಹಟ್ಟಿಯಲ್ಲಿ ದನ ಮಲಗಿದರೆ ಹದ್ದಿಗೆ ಹಾನಿಯಿಲ್ಲದ ಮೆಲಾಕ್ಸಿಕಾಮ್ ಆಗಬಹುದೇ ಎಂದು ದನದ ಡಾಕ್ಟರರಲ್ಲಿ ಒಂದು ಮಾತು ಕೇಳಿ.

ಇನ್ನು ಪುಟದಲ್ಲಿ ಬರೆಯುವುದೇನು? ವರ್ಷವನ್ನು ಜನವರಿಯಿಂದ ಆರಂಭಿಸಬೇಡಿ. ಹಕ್ಕಿಗಳ ವರ್ಷ ನಮ್ಮಲ್ಲಿ ಆರಂಭವಾಗುವುದು ತೆನೆಹಬ್ಬದ ಆಸುಪಾಸಿನಲ್ಲಿ. ಮಳೆ ಸ್ವಲ್ಪ ಸಡಿಲವಾಗಿ ತೋಡಿನ ಕಲ್ಲುಗಳು ಮೇಲೆ ಕಾಣತೊಡಗಿದಾಗ, ಬೂದು ಬೆನ್ನಿನ, ಹಳದಿ ಹೊಟ್ಟೆಯ ಒಂದು ಸಪೂರ ಹಕ್ಕಿ ಉದ್ದ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತಾ ನೀರಿನ ಬದಿಯಲ್ಲಿ ಓಡಾಡುತ್ತದೆ. ಅದು ಸಿಪಿಲೆ. ಅದಕ್ಕೆ ಕುಂಡೆಕುಸ್ಕ ಎಂಬ ಹೆಸರೂ ಇದೆ, ಮಕ್ಕಳಿಗೆ ಈ ಹೆಸರು ಹೇಳಿದರೆ ಸಾಕು, ಮತ್ತೆ ಜನ್ಮದಲ್ಲಿ ಮರೆಯುವುದಿಲ್ಲ. ಹಿಮಾಲಯದ ಕಡೆಯ ಹೊಳೆಗಳ ಬದಿಯಲ್ಲಿ, ಇನ್ನೂ ಉತ್ತರದಲ್ಲಿ ಮರಿ ಮಾಡಿ ಇಲ್ಲಿಗೆ ಬರುವ ಹಕ್ಕಿ ಅದು. ಮೊದಲು ಕಂಡ ದಿನಾಂಕವನ್ನು ಬರೆಯಿರಿ. ಹಿಂದೆಯೇ ಕವಲು ಬಾಲದ ಅಂಬರಗುಬ್ಬಿಗಳು ಸಾಲಾಗಿ ಕರೆಂಟಿನ ತಂತಿಯ ಮೇಲೆ ಕುಳಿತುಕೊಳ್ಳುತ್ತವೆ. ಅಕ್ಟೋಬರಿನಲ್ಲಿ ನವರಂಗ ಬರುತ್ತದೆ. ಹಸಿರು ಬೆನ್ನು, ಕೆಂಪು ಅಡಿಹೊಟ್ಟೆ, ಕಣ್ಣಿಗೆ ಕಪ್ಪು ಪಟ್ಟಿ, ಮೋಟು ಬಾಲ. ಹಗಲಿಡೀ ಅಡಿಕೆ ತೋಟದ ತರಗೆಲೆ ಕೆದಕುತ್ತಾ ಸುಮ್ಮನಿದ್ದು, ಬೆಳಕು ಹರಿಯುವಾಗ ಮತ್ತು ಕಪ್ಪಾಗುವಾಗ ಎರಡು ಸ್ವರದಲ್ಲಿ ಸಿಳ್ಳೆ ಹಾಕುತ್ತದೆ. ಬಂದ ಹೊಸತರಲ್ಲಿ ರಾತ್ರಿ ಪ್ರಯಾಣದ ಆಯಾಸಕ್ಕೆ ಮನೆಯ ಗೋಡೆಗೋ ಕಿಟಕಿಗೋ ಬಡಿದು ಅಂಗಳದಲ್ಲಿ ಬಿದ್ದಿರುವುದುಂಟು. ಅಂಥದ್ದು ಸಿಕ್ಕಿದರೆ ಬೆಕ್ಕಿಗೆ ಸಿಗದಂತೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಕೆಲವು ಗಂಟೆ ಬಿಡಿ. ಬಾಯಿಗೆ ನೀರು ಹೊಯ್ಯಬೇಡಿ. ಚೇತರಿಸಿಕೊಂಡರೆ ತಾನೇ ಹಾರಿಹೋಗುತ್ತದೆ.

ಈ ನವರಂಗಕ್ಕೆ ಬೇಕಾದದ್ದು ತರಗೆಲೆ ಮತ್ತು ಅದರಡಿಯ ಹುಳ. ಕಳೆನಾಶಕ ಹೊಡೆದು, ತರಗೆಲೆ ಗುಡಿಸಿ, ಅಂಗಳದಂತೆ ಬೋಳು ಮಾಡಿದ ತೋಟಕ್ಕೆ ಅದು ಇಳಿಯುವುದಿಲ್ಲ. ಬೋಳು ತೋಟ ನೋಡಲು ಚಂದ ಎಂಬ ಒಂದು ಅಭಿಪ್ರಾಯ ನಮ್ಮಲ್ಲಿ ಬೆಳೆದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಹುಳ ಇಲ್ಲದ ಮಣ್ಣಿಗೆ ಎಷ್ಟು ಗೊಬ್ಬರ ಹಾಕಿದರೂ ಅದು ಕಡದ ಜೀವನ. ಸಿಳ್ಳೆ ಕೇಳಿದ ತೋಟ, ಕೇಳದ ತೋಟ ಯಾವುದು ಎಂದು ಬರೆದಿಟ್ಟರೆ ಮಣ್ಣು ಪರೀಕ್ಷೆಯ ಚೀಟಿಯ ಜೊತೆ ಇಟ್ಟು ನೋಡಬಹುದು.

ಫೆಬ್ರವರಿಯಿಂದ ನಮ್ಮದೇ ಊರ ಹಕ್ಕಿಗಳ ಗಲಾಟೆ. ಮಡಿವಾಳ ಹಕ್ಕಿ ಬೆಳಗ್ಗಿನ ಜಾವದಲ್ಲೇ ಹಾಡುತ್ತದೆ, ಕುಟ್ರು ಹಕ್ಕಿ ದಿನವಿಡೀ ಕೂಗುತ್ತದೆ, ಕೋಗಿಲೆಯ ವಿಷಯ ಹೇಳಬೇಕಾಗಿಲ್ಲ. ಮಾರ್ಚ್, ಏಪ್ರಿಲಿನಲ್ಲಿ ನೋಡಬೇಕಾದದ್ದು ಮುರಕಲ್ಲಿನ ಗುಡ್ಡೆಯ ಮೇಲೆ. ಹಳದಿ ಟಿಟ್ಟಿಭ ಅಲ್ಲಿ ಬರಿ ನೆಲದಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಕಲ್ಲಿನ ಬಣ್ಣವೇ ಆದುದರಿಂದ ಕಾಲಡಿಗೆ ಬಂದರೂ ಗೊತ್ತಾಗುವುದಿಲ್ಲ. ಒಣಹುಲ್ಲಿಗೆ ಬೆಂಕಿ ಕೊಡುವುದು, ಕಲ್ಲಿನ ಕ್ವಾರಿಗೆ ಮೇಲ್ಮಣ್ಣು ಕೆರೆಯುವುದು, ಎರಡೂ ನಡೆಯುವುದು ಇದೇ ದಿನಗಳಲ್ಲಿ. ಏಪ್ರಿಲ್ ಮುಗಿಯುವಾಗ ಬಂದವರು ಹೊರಟುಹೋಗುತ್ತಾರೆ. ಕೊನೆಯ ನವರಂಗದ ಸಿಳ್ಳೆ ಕೇಳಿದ ದಿನವೂ ಪುಟದಲ್ಲಿರಲಿ.

ಮಳೆಗಾಲದಲ್ಲಿ ಗೀಜಗ. ಗದ್ದೆಯ ಬದಿಯ ತೆಂಗಿನ ಗರಿಯ ತುದಿಯಲ್ಲಿ ಗಂಡು ಗೀಜಗ ಗೂಡು ನೇಯುವುದನ್ನು ನೋಡುತ್ತಾ ಬೆಳೆದವರು ನಾವು. ಅರ್ಧ ನೇಯ್ದ ಮೇಲೆ ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ, ಒಪ್ಪದಿದ್ದರೆ ಗಂಡಿನ ಶ್ರಮವೆಲ್ಲ ವ್ಯರ್ಥ! ಗೂಡಿಗೆ ಬೇಕಾದ ನಾರು ಅದು ಭತ್ತದ ಎಲೆಯಿಂದ, ಹುಲ್ಲಿನಿಂದ, ತೆಂಗಿನ ಗರಿಯಿಂದ ಸಿಗಿದು ತರುತ್ತದೆ, ಊಟಕ್ಕೆ ಕಾಳು ಬೇಕು. ಗದ್ದೆಗೆ ಮಣ್ಣು ಏರಿಸಿ ಅಡಿಕೆ ಸಸಿ ಇಟ್ಟ ಮೇಲೆ ಅದಕ್ಕಿಲ್ಲೇನು ಕೆಲಸ? ಗದ್ದೆ ತೋಟವಾದದ್ದನ್ನು ನಾನು ತಪ್ಪೆಂದು ಹೇಳುವುದಿಲ್ಲ. ಭತ್ತದಲ್ಲಿ ಏನು ಉಳಿಯುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಈ ಬಯಲಿನಲ್ಲಿ ಎಷ್ಟು ಗೂಡಿತ್ತು, ಈಗ ಎಷ್ಟಿದೆ ಎಂಬ ಲೆಕ್ಕ ಇರಬೇಕು. ಗರಿ ಕಡಿಯುವ ಮುಂಚೆ ಒಮ್ಮೆ ಮೇಲೆ ನೋಡಿ, ಮರಿ ಇದ್ದರೆ ಒಂದು ತಿಂಗಳು ತಡೆದರೆ ತೆಂಗಿಗೆ ನಷ್ಟವಿಲ್ಲ.

ಹಕ್ಕಿಗಳೆಲ್ಲ ರೈತನ ಮಿತ್ರರು ಎಂದು ಶಾಲೆಯ ಪಾಠದಲ್ಲಿ ಹೇಳುವುದನ್ನು ನಾನು ಪೂರ್ತಿ ಒಪ್ಪುವವನಲ್ಲ. ನವಿಲು ಈಗ ಕೇರಳದ ಹೊಸ ಹೊಸ ಊರುಗಳಿಗೆ ಬಂದಿದೆ, ಬಿತ್ತಿದ ಭತ್ತವನ್ನೂ ತರಕಾರಿಯ ಚಿಗುರನ್ನೂ ಬಿಡುವುದಿಲ್ಲ. 1963ರಿಂದ ಅದು ರಾಷ್ಟ್ರಪಕ್ಷಿ, 1972ರ ಕಾಯಿದೆಯ ರಕ್ಷಣೆ ಅದಕ್ಕಿದೆ, ಕೈ ಮಾಡುವಂತಿಲ್ಲ. ಹಾನಿಯಾದವನ ಸಿಟ್ಟು ನ್ಯಾಯವೇ. ಪರಿಹಾರಕ್ಕೆ ಅರ್ಜಿ ಕೊಡುವಾಗಲೂ ಬೇಕಾದದ್ದು ಅದೇ ಪುಟ: ಯಾವ ದಿನ, ಎಷ್ಟು ನವಿಲು, ಎಷ್ಟು ಸೆಂಟ್ಸ್ ಜಾಗ. ಜೇನು ಸಾಕುವವರಿಗೆ ಕಳ್ಳಿಪೀರದ ಉಪದ್ರ ಗೊತ್ತು. ಮಾವು, ಚಿಕ್ಕುವಿನ ಮೇಲೆ ಬಂದಣಿಕೆ ಹಬ್ಬಿಸುವುದು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ, ಹೂವು ಕುಕ್ಕುವ ಒಂದು ಹಕ್ಕಿ. ಅದು ಹಣ್ಣು ನುಂಗಿ ಅಂಟಿನ ಬೀಜವನ್ನು ಕೊಂಬೆಗೆ ಒರೆಸುತ್ತದೆ. ಇದಕ್ಕೆ ಉಪಾಯ ಹಕ್ಕಿಗೆ ಕಲ್ಲು ಹೊಡೆಯುವುದಲ್ಲ, ಬಂದಣಿಕೆ ಹಣ್ಣಾಗುವ ಮೊದಲು ಕೊಂಬೆ ಸಮೇತ ಕಡಿಯುವುದು.

ಇನ್ನೊಂದು ಕಡೆ ನಾವು ಅನ್ಯಾಯ ಮಾಡುವ ಹಕ್ಕಿ ಗೂಬೆ. ಅಪಶಕುನ ಎಂದು ಅದನ್ನು ಓಡಿಸುತ್ತೇವೆ, ಮತ್ತೆ ಇಲಿಗೆಂದು ಅಂಗಡಿಯಿಂದ ಪಾಷಾಣ ತರುತ್ತೇವೆ. ಬ್ರೊಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ತೂಕಡಿಸುತ್ತಾ ತಿರುಗುವ ಆ ಇಲಿಯೇ ಗೂಬೆಗೆ ಸುಲಭದ ತುತ್ತು. ಹೀಗೆ ಇಲಿಯ ಶತ್ರುವನ್ನು ನಾವೇ ಕೊಂದು ಮುಂದಿನ ವರ್ಷ ಎರಡು ಪೊಟ್ಟಣ ಹೆಚ್ಚು ತರಬೇಕಾಗುತ್ತದೆ. ಕೆಂಬೂತವೂ ಹಾಗೆಯೇ. ಕೋಳಿಮೊಟ್ಟೆ ಕದಿಯುವುದುಂಟು, ಆದರೆ ಮಳೆಗಾಲದಲ್ಲಿ ತರಕಾರಿ ತಿನ್ನುವ ಬಸವನಹುಳುವನ್ನು ಹೆಕ್ಕಿ ತಿನ್ನುವುದೂ ಅದೇ.

ಆರೋಗ್ಯದ ದೃಷ್ಟಿಯಿಂದ ಎರಡು ಮಾತು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೂ ಹೇಳಿಕೊಡಿ. 2014ರಲ್ಲಿ, ಮತ್ತೆ 2021ರಲ್ಲಿ ಆಲಪ್ಪುಳ ಕಡೆ ಬಾತುಕೋಳಿಗಳಿಗೆ ಹಕ್ಕಿಜ್ವರ ಬಂದದ್ದು ನೆನಪಿರಬಹುದು. ಒಂದೇ ಜಾಗದಲ್ಲಿ ನಾಲ್ಕೈದು ಕಾಗೆ ಸತ್ತು ಬಿದ್ದಿದ್ದರೆ ಮೃಗಾಸ್ಪತ್ರೆಗೆ ತಿಳಿಸಿ, ಹತ್ತಿರದ ಗದ್ದೆಗೆ ಯಾರಾದರೂ ಮದ್ದು ಹೊಡೆದಿದ್ದಾರೆಯೇ ಎಂದೂ ವಿಚಾರಿಸಿ. ಫ್ಯೂರಡಾನ್ ಎಂಬ ಹೆಸರಿನಲ್ಲಿ ಬರುತ್ತಿದ್ದ ಕಾರ್ಬೊಫ್ಯುರಾನ್ ಹರಳು ಕಾಳಿನಂತೆಯೇ ಕಾಣುವುದರಿಂದ ಹಕ್ಕಿಗಳು ತಿಂದು ಸಾಯುತ್ತಿದ್ದವು. ಕೇರಳ ಸರಕಾರ 2011ರಲ್ಲಿ ಅದನ್ನು ನಿಷೇಧಿಸಿದೆ. ಬೇರೆ ರಾಜ್ಯದಿಂದ ಯಾರಾದರೂ ತಂದುಕೊಡುತ್ತೇನೆಂದರೆ ಬೇಡ ಎನ್ನಿ, ಆ ಮದ್ದು ಮನುಷ್ಯನಿಗೂ ಅಷ್ಟೇ ಕೆಟ್ಟದು.

ನಮ್ಮ ಬರಹಕ್ಕೆ ಬೆಲೆ ಇದೆಯೇ ಎಂದು ಸಂಶಯ ಬೇಡ. 2015ರಿಂದ 2020ರ ತನಕ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಕೇರಳದ ಎಲ್ಲ ಜಿಲ್ಲೆಗಳಲ್ಲಿ ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ನಡೆದು ಹಕ್ಕಿಗಳ ನಕ್ಷೆ ಮಾಡಿದರು. 361 ಜಾತಿಗಳು ಸಿಕ್ಕವು. ಸಂಬಳ ಪಡೆದ ವಿಜ್ಞಾನಿಗಳಲ್ಲ, ಹೆಚ್ಚಿನವರು ಸಾಮಾನ್ಯರೇ. ಆದರೆ ಅವರು ಒಂದು ಜಾಗಕ್ಕೆ ವರ್ಷದಲ್ಲಿ ಎರಡು ಸಲ ಬಂದವರು. ನಿಮ್ಮ ತೋಟದ ಉಳಿದ ದಿನಗಳನ್ನು ನೀವಲ್ಲದೆ ಯಾರು ಬರೆಯಬೇಕು? 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಹಕ್ಕಿಯಾಗಿ ಬಿಳಿಹೊಟ್ಟೆಯ ಕಡಲ ಹದ್ದನ್ನು, ಮರವಾಗಿ ಕಾಸರಕವನ್ನು ಘೋಷಿಸಿತು. ಆ ಹದ್ದು ಕಡಲ ಬದಿಯ ಎತ್ತರದ ಮರದಲ್ಲಿ ವರ್ಷ ವರ್ಷವೂ ಅದೇ ಗೂಡಿಗೆ ಬರುತ್ತದೆ. ಯಾರ ಹಿತ್ತಿಲಿನ ಯಾವ ಮರ ಎಂದು ಗೊತ್ತಿರುವುದು ಆ ಮನೆಯವರಿಗೆ. ಮರ ಕಡಿಯಲು ವ್ಯಾಪಾರಿ ಬರುವ ಮೊದಲು ಅದು ಎಲ್ಲಾದರೂ ಬರಹದಲ್ಲಿ ಇರಬೇಕಷ್ಟೆ.

ಹೆಸರು ಗೊತ್ತಾಗದಿದ್ದರೆ ಬಣ್ಣ, ಗಾತ್ರ, ಕೂಗು ಬರೆಯಿರಿ, ಸಾಕು. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಸಿಕ್ಕಿದರೆ ಒಳ್ಳೆಯದು. ಮನೆಯಲ್ಲಿ ಮೊಬೈಲು ಹಿಡಿದ ಮಕ್ಕಳಿದ್ದರೆ ಇ-ಬರ್ಡ್ ಎಂಬುದರಲ್ಲಿ ಸೇರಿಸಲು ಹೇಳಿ. ಮಂಡಿನೋವಿನಿಂದ ಹೊರಗೆ ಹೋಗಲಾರದ ಅಜ್ಜ ಅಜ್ಜಿಯಂದಿರು ಜಗಲಿಯಲ್ಲಿ ಕುಳಿತೇ ಈ ಕೆಲಸ ಚೆನ್ನಾಗಿ ಮಾಡಬಲ್ಲರು. ಈ ವರ್ಷ ಮೊದಲ ಸಿಪಿಲೆ ಮತ್ತು ಮೊದಲ ನವರಂಗದ ದಿನಾಂಕವನ್ನು ಬರೆದು, ವಾಳೆಯ ಹೆಸರಿನೊಂದಿಗೆ ನವೆಂಬರ್ ಕೊನೆಯೊಳಗೆ ಈ ಅಂಕಣಕ್ಕೆ ಕಳುಹಿಸಿ. ಬಂದ ಎಲ್ಲ ದಿನಾಂಕಗಳನ್ನು ಜನವರಿಯ ಸಂಚಿಕೆಯಲ್ಲಿ ಒಟ್ಟಿಗೆ ಹಾಕೋಣ.