ಟ್ಯಾಂಕುನಾಶಕದ ಮಾದರಿಯೂ ವಿವರನಿಷ್ಠೆಯೂ

ದೊಡ್ಡದನ್ನು ಚಿಕ್ಕದಾಗಿ ರೂಪಿಸಿ ಅಂಗೈಯಲ್ಲಿಟ್ಟು ನೋಡಬೇಕೆಂಬ ಆಸೆ ಮಾನವನಿಗೆ ಹುಟ್ಟಿನೊಡನೆ ಬಂದುದು. ಮಣ್ಣೆತ್ತಿನ ಅಮಾವಾಸ್ಯೆಯಂದು ಹಳ್ಳಿಯ ಮಕ್ಕಳು ತಿದ್ದುವ ಎತ್ತುಗಳೂ, ದಸರೆಯ ಗೊಂಬೆಯ ಸಾಲೂ ಈ ಆಸೆಯ ಫಲಗಳೇ. ಆದರೆ ಮಣ್ಣೆತ್ತನ್ನು ನೋಡಿ ಇದು ಯಾವ ಊರಿನ ಯಾರ ಮನೆಯ ಎತ್ತೆಂದು ಯಾರೂ ಕೇಳುವುದಿಲ್ಲ. ಎತ್ತಿನಂತೆ ತೋರಿದರೆ ಸಾಕು, ಹಬ್ಬ ನಡೆಯುತ್ತದೆ. ಇದಕ್ಕಿಂತ ಭಿನ್ನವಾದ ಇನ್ನೊಂದು ಬಗೆಯ ಕಿರುರೂಪವಿದೆ. ಅದರಲ್ಲಿ ‘ಅದರಂತೆ ಇದೆ’ ಎಂಬ ಮಾತಿಗೆ ಬೆಲೆಯಿಲ್ಲ, ‘ಅದೇ ಹೌದೆ?’ ಎಂಬ ಪ್ರಶ್ನೆಯೊಂದೇ ಅಲ್ಲಿಯ ಒರೆಗಲ್ಲು. ಯುದ್ಧವಾಹನಗಳ ಪ್ರಮಾಣಬದ್ಧ ಮಾದರಿಗಳನ್ನು ಕಟ್ಟುವ ಹವ್ಯಾಸ ಈ ಎರಡನೆಯ ವರ್ಗಕ್ಕೆ ಸೇರಿದುದು. ಅದರಲ್ಲಿಯೂ ಟ್ಯಾಂಕುನಾಶಕಗಳೆಂಬ ವಾಹನಗಳ ಮಾದರಿಗಳನ್ನು ಬಳಗ ಕಟ್ಟಿಕೊಂಡು ನಿರ್ಮಿಸುವವರ ಶ್ರಮವನ್ನು ವಿದ್ಯಾಭಿಮಾನಿಗಳು ಒಮ್ಮೆ ಗಮನಿಸುವುದು ಉಚಿತ. ಮೇಲ್ನೋಟಕ್ಕೆ ಆಟವಾಗಿ ತೋರುವ ಈ ಕೆಲಸದಲ್ಲಿ ಪಾಂಡಿತ್ಯದ ಗುಣವೂ ಇದೆ, ಪಾಂಡಿತ್ಯಕ್ಕೆ ಸಹಜವಾದ ಅಪಾಯವೂ ಇದೆ.

ಟ್ಯಾಂಕುನಾಶಕವೆಂದರೇನೆಂಬುದನ್ನು ಮೊದಲು ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ಟ್ಯಾಂಕುಗಳನ್ನು ಭೇದಿಸುವುದಕ್ಕೆಂದೇ ದೊಡ್ಡ ಫಿರಂಗಿಯನ್ನು ಹೊತ್ತು ಸಾಗುವ ವಾಹನಗಳನ್ನು ಹಲವು ದೇಶಗಳು ರಚಿಸಿದವು. ಜರ್ಮನರು ಹೆಚ್ಚಾಗಿ ತಿರುಗುವ ಗೋಪುರವನ್ನು ಬಿಟ್ಟು, ಫಿರಂಗಿಯನ್ನು ವಾಹನದ ಒಡಲಿಗೇ ಕೂಡಿಸಿದರು. ಇದರಿಂದ ವೆಚ್ಚ ಇಳಿಯಿತು. ಅದೇ ಅಡಿಗಟ್ಟಿನ ಮೇಲೆ ಹೆಚ್ಚು ದೊಡ್ಡ ಫಿರಂಗಿಯನ್ನು ಹೊರಿಸಲು ಸಾಧ್ಯವಾಯಿತು. ಪ್ಯಾಂಥರ್ ಟ್ಯಾಂಕಿನ ಅಡಿಗಟ್ಟಿನ ಮೇಲೆ 88 ಮಿಲಿಮೀಟರ್ ಫಿರಂಗಿಯನ್ನಿಟ್ಟ ಯಾಗ್ಡ್‌ಪ್ಯಾಂಥರ್, 128 ಮಿಲಿಮೀಟರ್ ಫಿರಂಗಿಯ ಯಾಗ್ಡ್‌ಟೈಗರ್, ಹೆಟ್ಜರ್ ಎಂದು ಪ್ರಸಿದ್ಧವಾದ ಸುಮಾರು 16 ಟನ್ ತೂಕದ ಕಿರಿಯ ವಾಹನ ಇವೆಲ್ಲ ಈ ಬಗೆಯವು. ಅಮೆರಿಕನ್ನರಾದರೋ ಗೋಪುರವನ್ನು ಉಳಿಸಿಕೊಂಡು ಅದರ ಮೇಲ್ಛಾವಣಿಯನ್ನು ತೆಗೆದುಹಾಕಿದರು. ಆರು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಅವರ ಎಂ-10 ವಾಹನ ಹೀಗೆ ಬಾನಿಗೆ ಬಾಯ್ತೆರೆದೇ ಯುದ್ಧಕ್ಕೆ ಹೋಯಿತು. ಟ್ಯಾಂಕುನಾಶಕಗಳಿಗಾಗಿ 1941ರಲ್ಲಿ ಅವರು ಕಟ್ಟಿದ ಪ್ರತ್ಯೇಕ ಪಡೆ 1946ರಲ್ಲಿ ವಿಸರ್ಜಿತವಾಯಿತು. ಟ್ಯಾಂಕನ್ನು ತಡೆಯಲು ಟ್ಯಾಂಕೇ ತಕ್ಕುದೆಂಬ ಅಭಿಪ್ರಾಯ ಅಷ್ಟರಲ್ಲಿ ಬಲಗೊಂಡಿತ್ತು. ಹೀಗೆ ಅಲ್ಪಾಯುಷಿಯಾದ ಯಂತ್ರವರ್ಗವೊಂದು ಇಂದು ವಸ್ತುಸಂಗ್ರಹಾಲಯಗಳಲ್ಲಿಯೂ ಹವ್ಯಾಸಿಗಳ ಮೇಜಿನ ಮೇಲೆಯೂ ಉಳಿದುಕೊಂಡಿದೆ.

ಮೇಜಿನ ಮೇಲಿನ ಈ ಸೈನ್ಯಕ್ಕೂ ತನ್ನದೇ ಆದ ಇತಿಹಾಸವಿದೆ. ಜಪಾನಿನ ಶಿಜುವೋಕಾ ನಗರದ ತಾಮಿಯಾ ಸಂಸ್ಥೆ 1960ರ ದಶಕದ ಆದಿಯಲ್ಲಿ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಕಿಟ್ಟೊಂದನ್ನು ಹೊರತಂದಿತು. ಒಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಸಬೇಕೆಂಬ ಲೆಕ್ಕದಿಂದ ಅದರ ಅಳತೆ ಮೂಲದ ಮೂವತ್ತೈದರಲ್ಲಿ ಒಂದು ಪಾಲಾಯಿತು. ಯಾವ ಗಣಿತಶಾಸ್ತ್ರಜ್ಞನೂ ವಿಧಿಸದ ಈ 1:35ರ ಪ್ರಮಾಣವೇ ಮುಂದೆ ಲೋಕದ ಹವ್ಯಾಸಿಗಳಿಗೆ ಶಾಸ್ತ್ರವಾದುದು ವಿನೋದದ ಸಂಗತಿ. ಅದೇ ದಶಕದಲ್ಲಿ ಬ್ರಿಟನ್ನಿನಲ್ಲಿ ಪ್ಲಾಸ್ಟಿಕ್ ಮಾದರಿಕಾರರ ಅಂತರರಾಷ್ಟ್ರೀಯ ಸಂಘ ಹುಟ್ಟಿತು. 1965ರಲ್ಲಿ ಕವಚವಾಹನಗಳ ಕಿರುಮಾದರಿಗಳಿಗೆಂದೇ ಮತ್ತೊಂದು ಸಂಘ ಅಲ್ಲಿ ಸ್ಥಾಪಿತವಾಯಿತು. ಇಂತಹ ಸಂಘಗಳ ಅಡಿಯಲ್ಲಿ ಊರೂರಿನ ಚಿಕ್ಕ ಬಳಗಗಳು ಸೇರುತ್ತವೆ. ಬಳಗದವರು ಒಂದು ವಿಷಯವನ್ನು, ಉದಾಹರಣೆಗೆ ಟ್ಯಾಂಕುನಾಶಕಗಳನ್ನು, ಆಯ್ದುಕೊಂಡು, ಇಂತಿಷ್ಟು ತಿಂಗಳೆಂದು ಗಡುವು ಹಾಕಿಕೊಂಡು, ಒಬ್ಬೊಬ್ಬರೂ ಒಂದೊಂದನ್ನು ಕಟ್ಟುತ್ತಾರೆ. ಕಟ್ಟುತ್ತಿರುವಾಗಲೇ ಪರಸ್ಪರ ತೋರಿಸಿ ಗುಣದೋಷಗಳನ್ನು ಚರ್ಚಿಸುತ್ತಾರೆ.

ಈ ಪ್ರಮಾಣದಲ್ಲಿ ಆಳೆತ್ತರದ ಮನುಷ್ಯ ಐದು ಸೆಂಟಿಮೀಟರ್ ಮಾತ್ರ ಆಗುತ್ತಾನೆ. ಒಂಬತ್ತು ಮುಕ್ಕಾಲು ಮೀಟರಿಗೂ ಮಿಗಿಲಾದ ಯಾಗ್ಡ್‌ಪ್ಯಾಂಥರ್ ಇಪ್ಪತ್ತೆಂಟು ಸೆಂಟಿಮೀಟರಿಗೆ ಇಳಿಯುತ್ತದೆ. ಎರಡು ಸೆಂಟಿಮೀಟರ್ ಅಗಲದ ರಿವೆಟ್ ತಲೆ ಅರ್ಧ ಮಿಲಿಮೀಟರಿಗಿಂತ ತುಸುವೇ ಹೆಚ್ಚು. ಕೈ ಒಂದು ಮಿಲಿಮೀಟರ್ ತಪ್ಪಿದರೆ ಮೂಲದಲ್ಲಿ ಮೂರೂವರೆ ಸೆಂಟಿಮೀಟರ್ ತಪ್ಪಿದಂತೆ. ಇಂತಹ ಸೂಕ್ಷ್ಮದಲ್ಲಿ ಚಿಮಟ, ಅರ, ಉಪ್ಪುಕಾಗದ, ಕೈಬೈರಿಗೆಗಳೇ ಆಯುಧಗಳು. ಕಿಟ್ಟಿನ ಭಾಗಗಳನ್ನು ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಉರಿಯ ಮೇಲೆ ಹಿಡಿದು ಮೆಲ್ಲನೆ ಎಳೆದರೆ ಕೂದಲಿನಷ್ಟು ತೆಳುವಾದ ಎಳೆ ಹೊರಡುತ್ತದೆ. ಅದೇ ರೇಡಿಯೊ ಕಂಬಿಯಾಗುತ್ತದೆ. ಒರಟಾದ ಪ್ಲಾಸ್ಟಿಕ್ ಹಿಡಿಕೆಗಳನ್ನು ತೆಗೆದು ಹಿತ್ತಾಳೆಯ ತೆಳುತಗಡಿನಲ್ಲಿ ಕೊರೆದವನ್ನು ಅಂಟಿಸುತ್ತಾರೆ. ಪುಟ್ಟಿಯ ಎಳೆಯನ್ನು ಒತ್ತಿ ಬೆಸುಗೆಯ ಗೆರೆ ಮೂಡಿಸುತ್ತಾರೆ. ಸರಪಳಿಪಟ್ಟಿಯ ಕೊಂಡಿಗಳನ್ನು ಒಂದೊಂದಾಗಿ ಪೋಣಿಸುತ್ತಾರೆ.

ಆದರೆ ಕೈಚಳಕ ಇಲ್ಲಿ ಅರ್ಧ ಮಾತ್ರ, ಉಳಿದರ್ಧ ಶೋಧನೆ. ಒಂದು ನಿದರ್ಶನ ಸಾಕು. ಶತ್ರುಗಳು ಅಯಸ್ಕಾಂತದಿಂದ ಅಂಟುವ ಸ್ಫೋಟಕಗಳನ್ನು ಹಚ್ಚದಿರಲೆಂದು ಜರ್ಮನರು ತಮ್ಮ ವಾಹನಗಳ ಮೈಗೆ ತ್ಸಿಮೆರಿಟ್ ಎಂಬ ಗಾರೆಯಂತಹ ಲೇಪವನ್ನು ಗೀರುಗೀರಾಗಿ ಮೆತ್ತುತ್ತಿದ್ದರು. ಕಾರ್ಖಾನೆಗಳಲ್ಲಿ ಈ ರೂಢಿ 1943ರ ಉತ್ತರಾರ್ಧದಲ್ಲಿ ಮೊದಲಾಗಿ 1944ರ ಸೆಪ್ಟೆಂಬರಿನಲ್ಲಿ ನಿಂತಿತು. ಆದ್ದರಿಂದ ಯಾಗ್ಡ್‌ಪ್ಯಾಂಥರ್ ಒಂದರ ಛಾಯಾಚಿತ್ರದಲ್ಲಿ ಈ ಲೇಪ ಕಂಡರೆ ಆ ವಾಹನ ಯಾವ ಕಾಲದ್ದೆಂದು ಊಹಿಸಬಹುದು. ಲೇಪವಿಲ್ಲದ, ಬಹು ತಡವಾಗಿ ತಯಾರಾದ ವಾಹನವೊಂದಕ್ಕೆ ಹವ್ಯಾಸಿ ಚೆಲುವಿಗಾಗಿ ಲೇಪ ಮೆತ್ತಿದರೆ ಅದು ಕಾಲದೋಷ. ಬಣ್ಣಕ್ಕೂ ಇದೇ ನ್ಯಾಯ: 1943ರ ಫೆಬ್ರುವರಿಯಲ್ಲಿ ಜರ್ಮನರ ಮೂಲವರ್ಣ ಕಡುಬೂದಿಯಿಂದ ಮಬ್ಬು ಹಳದಿಗೆ ಬದಲಾಯಿತು. ಅಕ್ಷರಗಳ ತಿರುವನ್ನು ನೋಡಿ ಶಾಸನದ ಶತಮಾನವನ್ನು ಹೇಳುವ ಲಿಪಿಜ್ಞನೂ, ನಾಲ್ಕು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ತೂಗಿ ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕನೂ ಮಾಡುವುದು ಇದನ್ನೇ ಅಲ್ಲವೆ? ಥಾಮಸ್ ಯೆಂಟ್ಸ್ ಮತ್ತು ಹಿಲರಿ ಡಾಯ್ಲ್ ಎಂಬ ಸಂಶೋಧಕರು ಮೂಲದಾಖಲೆಗಳನ್ನು ಓದಿ, ಉಳಿದಿರುವ ವಾಹನಗಳನ್ನು ಅಳೆದು ರಚಿಸಿದ ‘ಪಾಂಜರ್ ಟ್ರ್ಯಾಕ್ಟ್ಸ್’ ಪುಸ್ತಕಮಾಲೆ ಈ ಬಳಗಗಳಲ್ಲಿ ಪ್ರಮಾಣಗ್ರಂಥದಂತೆ ಮಾನ್ಯವಾಗಿದೆ. ಕಿಟ್ಟಿನೊಡನೆ ಬರುವ ಸೂಚನಾಪತ್ರವನ್ನು ವೇದವಾಕ್ಯವೆಂದು ನಂಬದೆ, ಅದನ್ನು ಮೂಲದೊಡನೆ ಹೋಲಿಸಿ ತಿದ್ದುವುದೇ ಅಲ್ಲಿ ವಿದ್ಯಾರಂಭ.

ಬಳಗದ ಪ್ರಯೋಜನವೂ ಇಲ್ಲಿಯೇ ತಿಳಿಯುತ್ತದೆ. ಏಕಾಂತದಲ್ಲಿ ದುಡಿಯುವವನಿಗೆ ತನ್ನ ತಪ್ಪು ಕಾಣುವುದಿಲ್ಲ. ಎಂ-10ರ ಗೋಪುರ ಫಿರಂಗಿಯ ಭಾರದಿಂದ ಮುಂದಕ್ಕೆ ತೂಗುತ್ತಿತ್ತು. ಅದನ್ನು ಕೈಯಿಂದಲೇ ತಿರುಗಿಸಬೇಕಾಗಿತ್ತು. ವಾಹನ ಇಳಿಜಾರಿನಲ್ಲಿ ನಿಂತಾಗ ತಿರುಗಿಸುವುದು ಕಷ್ಟವಾಯಿತು. ಆದಕಾರಣ ಹಿಂದುಗಡೆ ಸಮತೂಕದ ಗುಂಡುಗಳನ್ನು ಕೂಡಿಸಿದರು. ಇವನ್ನು ಬಿಟ್ಟು ಕಟ್ಟಿದ ಹವ್ಯಾಸಿಗೆ ಗೆಳೆಯನೊಬ್ಬ ‘ಹಿಂದಿನ ತೂಕವೆಲ್ಲಿ?’ ಎಂದು ಕೇಳಿದಾಗ ಅವನು ಒಂದು ತುಂಡನ್ನು ಮಾತ್ರವಲ್ಲ, ಒಂದು ಕಾರಣವನ್ನೂ ಕಲಿಯುತ್ತಾನೆ. ತಿಂಗಳುಗಟ್ಟಲೆ ದುಡಿದ ಕೆಲಸದಲ್ಲಿ ದೋಷವನ್ನು ತೋರಿಸಿದವನಿಗೆ ಕೃತಜ್ಞತೆ ಹೇಳಿ, ಅಂಟಿಸಿದ್ದನ್ನು ಕಿತ್ತು ಮತ್ತೆ ಕಟ್ಟುವ ವಿನಯ ವಿದ್ವತ್ಸಭೆಗಳಲ್ಲಿಯೂ ಸುಲಭವಾಗಿ ದೊರೆಯುವುದಿಲ್ಲ.

ಗುಣದ ಬೆನ್ನಿಗೇ ದೋಷವೂ ಇದೆ. ವಿವರಗಳ ಬೆನ್ನುಹತ್ತಿದವರನ್ನು ಅವರ ವಲಯದಲ್ಲಿಯೇ ‘ರಿವೆಟ್ ಎಣಿಸುವವರು’ ಎಂದು ಹಾಸ್ಯ ಮಾಡುವುದುಂಟು. ಎಣಿಸುವುದು ತಪ್ಪಲ್ಲ. ಆದರೆ ಎಣಿಕೆಯಲ್ಲಿಯೇ ನಿಲ್ಲುವುದು, ಕಾಗುಣಿತ ತಿದ್ದುತ್ತ ಕಾವ್ಯವನ್ನೇ ಮರೆತ ಪಂಡಿತನ ಪಾಡು. ಅದಕ್ಕಿಂತ ಗುರುತರವಾದ ಆಕ್ಷೇಪ ಇನ್ನೊಂದಿದೆ. ಕೊಲ್ಲುವುದಕ್ಕೆಂದೇ ಹುಟ್ಟಿದ ಯಂತ್ರವನ್ನು ಅಂದವಾಗಿ ಕಟ್ಟಿ, ಬಣ್ಣ ಬಳಿದು, ಬಹುಮಾನ ಕೊಡುವುದು ಸರಿಯೆ? ಯುದ್ಧವನ್ನು ಆಟಿಕೆಯಾಗಿಸಿದರೆ ಅದರ ಭೀಕರತೆ ಮರೆಯಾಗದೆ? ಈ ಪ್ರಶ್ನೆಯನ್ನು ‘ಇದು ಹವ್ಯಾಸವಷ್ಟೆ’ ಎಂದು ತಳ್ಳಿಹಾಕುವವರಿದ್ದಾರೆ. ಅದು ಉತ್ತರವಲ್ಲ. ಆಕ್ಷೇಪದಲ್ಲಿ ಸತ್ಯಾಂಶವಿದೆಯೆಂದು ಒಪ್ಪಿಯೇ ಮುಂದುವರಿಯಬೇಕು.

ಉತ್ತರ ದೊರೆಯುವುದು ವಿವರವನ್ನು ಬಿಡುವುದರಿಂದಲ್ಲ, ಅದನ್ನು ಕೊನೆಯವರೆಗೆ ಕೊಂಡೊಯ್ಯುವುದರಿಂದ. ಎಂ-10ರ ಗೋಪುರದ ಪಕ್ಕದ ಉಕ್ಕಿನ ತಗಡು ಸುಮಾರು 25 ಮಿಲಿಮೀಟರ್ ದಪ್ಪ. 1:35ರಲ್ಲಿ ಅದು ಮುಕ್ಕಾಲು ಮಿಲಿಮೀಟರಿಗೂ ಕಡಿಮೆ. ಕಿಟ್ಟಿನ ಪ್ಲಾಸ್ಟಿಕ್ ಇದಕ್ಕಿಂತ ದಪ್ಪವಾಗಿದ್ದರೆ ನಿಷ್ಠಾವಂತನಾದ ಹವ್ಯಾಸಿ ತೆರೆದ ಗೋಪುರದ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ತೆಳುವಾಗಿಸುತ್ತಾನೆ. ಎಷ್ಟು ತೆಳುವೆಂದರೆ ಬೆರಳೊತ್ತಿದರೆ ಬಾಗೀತೆಂದು ಅವನಿಗೇ ಅಂಜಿಕೆಯಾಗುತ್ತದೆ. ಆ ಕ್ಷಣದಲ್ಲಿ ಅವನ ಬೆರಳಿಗೆ ಒಂದು ಸತ್ಯ ತಗಲುತ್ತದೆ: ಒಳಗೆ ನಿಂತಿದ್ದ ಮನುಷ್ಯರಿಗೂ ಸಾವಿಗೂ ನಡುವೆ ಇದ್ದ ಗೋಡೆ ಇಷ್ಟೇ, ತಲೆಯ ಮೇಲೆ ಇಷ್ಟೂ ಇರಲಿಲ್ಲ. ಮರದ ತುದಿಯಲ್ಲಿ ಸಿಡಿದ ಗುಂಡಿನ ಚೂರಿಗೆ ಅಲ್ಲಿ ಯಾವ ತಡೆಯೂ ಇರಲಿಲ್ಲ. ಹೆಟ್ಜರಿನ ಒಳಭಾಗವನ್ನು ರಚಿಸುವವನಿಗೂ ಇಂತಹ ಅರಿವೇ ಆಗುತ್ತದೆ. ಅದರ ಫಿರಂಗಿ ಬಲಗಡೆಯಿಂದ ಗುಂಡು ತುಂಬಲು ರಚಿತವಾದುದು. ಸ್ಥಳವಿಲ್ಲದ ಕಾರಣ ತುಂಬುವವನು ಎಡಗಡೆಯಲ್ಲಿ ಕೂರಬೇಕಾಯಿತು. ಚಾಲಕ, ಗುರಿಕಾರ, ತುಂಬುವವ ಮೂವರೂ ಎಡಕ್ಕೆ ಸಾಲಾಗಿ ಇಕ್ಕಟ್ಟಿನಲ್ಲಿ. ನಾಯಕ ಬಲಗಡೆ ಹಿಂದೆ ಒಬ್ಬಂಟಿ. ಐದು ಸೆಂಟಿಮೀಟರಿನ ನಾಲ್ಕು ಬೊಂಬೆಗಳನ್ನು ಆ ಪೆಟ್ಟಿಗೆಯಲ್ಲಿ ಕೂರಿಸಲು ಹೆಣಗಿದವನಿಗೆ ಯುದ್ಧದ ವೈಭವವನ್ನು ಕುರಿತು ಭಾಷಣ ಮಾಡುವ ಹುಮ್ಮಸ್ಸು ಉಳಿಯಲಾರದು.

ಇನ್ನೂ ಮುಂದೆ ಹೋಗಬೇಕಾಗಿದೆ. ಎಪ್ಪತ್ತು ಟನ್ನಿನ ಯಾಗ್ಡ್‌ಟೈಗರ್ ಹವ್ಯಾಸಿಗಳಿಗೆ ಅಚ್ಚುಮೆಚ್ಚು. ಅದನ್ನು ಜೋಡಿಸಿದ್ದು ಆಸ್ಟ್ರಿಯಾದ ಸೇಂಟ್ ವ್ಯಾಲೆಂಟೀನ್ ಎಂಬಲ್ಲಿಯ ನಿಬೆಲುಂಗೆನ್ ಕಾರ್ಖಾನೆಯಲ್ಲಿ. ಮೌಟ್‌ಹೌಸೆನ್ ಸೆರೆಶಿಬಿರದ ಶಾಖೆಯೊಂದನ್ನು 1944ರಲ್ಲಿ ಅಲ್ಲಿ ತೆರೆದು ಬಂದಿಗಳನ್ನು ಆ ಕಾರ್ಖಾನೆಯಲ್ಲಿ ಬಲವಂತವಾಗಿ ದುಡಿಸಿದರು. ಯಾಗ್ಡ್‌ಟೈಗರಿನ ಚಕ್ರಗಳಲ್ಲಿ ಎರಡು ಬಗೆಗಳಿದ್ದವೆಂಬುದನ್ನು ಬಲ್ಲ ಹವ್ಯಾಸಿ ಇದನ್ನೂ ಬಲ್ಲವನಾಗಬೇಡವೆ? ಬೊಲ್ಟುಗಳ ಲೆಕ್ಕವನ್ನು ಒಪ್ಪಿಸಿ ದುಡಿದ ಕೈಗಳ ಲೆಕ್ಕವನ್ನು ಬಿಟ್ಟರೆ ಅದು ಪ್ರಮಾಣಬದ್ಧ ಮಾದರಿಯಲ್ಲ. ಪ್ರಮಾಣ ತಪ್ಪಿದ ಮಾದರಿ. ಪ್ರದರ್ಶನದ ಮೇಜಿನ ಮೇಲೆ ವಾಹನದ ಹೆಸರು, ವರ್ಷ, ಪಡೆಗಳ ವಿವರ ಬರೆದಿಡುವ ಚೀಟಿಯಲ್ಲಿ ಇನ್ನೆರಡು ಸಾಲಿಗೆ ಎಡೆಯುಂಟು. ಆ ಎರಡು ಸಾಲನ್ನು ಬರೆಯುವ ಪದ್ಧತಿಯನ್ನು ಹವ್ಯಾಸಿ ಬಳಗಗಳು ಹಾಕಿಕೊಂಡರೆ ಅವರ ವಿದ್ಯೆ ಪೂರ್ಣವಾಗುತ್ತದೆ. ಆಕ್ಷೇಪಕ್ಕೂ ಉತ್ತರ ದೊರೆಯುತ್ತದೆ.

ಭಾರತದ ಹವ್ಯಾಸಿಗೂ ಇಂತಹ ವಸ್ತುವಿಗೆ ಕೊರತೆಯಿಲ್ಲ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣದ ಬಳಿ ಹವಿಲ್ದಾರ್ ಅಬ್ದುಲ್ ಹಮೀದ್ ಅವರು 106 ಮಿಲಿಮೀಟರಿನ ಹಿನ್ನೂಕಿಲ್ಲದ ಫಿರಂಗಿಯನ್ನು ಹೊತ್ತ ಜೀಪಿನಿಂದ ಶತ್ರುವಿನ ಪ್ಯಾಟನ್ ಟ್ಯಾಂಕುಗಳನ್ನು ಭೇದಿಸಿ, ಅಲ್ಲಿಯೇ ಮಡಿದು, ಮರಣೋತ್ತರವಾಗಿ ಪರಮವೀರ ಚಕ್ರಕ್ಕೆ ಪಾತ್ರರಾದರು. ಸೈನ್ಯದ ಪರಿಭಾಷೆಯಲ್ಲಿ ಆ ಜೀಪು ಟ್ಯಾಂಕುನಾಶಕವಲ್ಲ. ಮಾಡಿದ ಕೆಲಸದಿಂದ ಆ ಹೆಸರಿಗೆ ಅರ್ಹವಾದುದು. ಅದಕ್ಕೆ ಕವಚವೆಂಬುದೇ ಇರಲಿಲ್ಲ. ಆ ಜೀಪಿನ ಪಕ್ಕದಲ್ಲಿ ಅದೇ ಪ್ರಮಾಣದ ಒಂದು ಪ್ಯಾಟನ್ ಟ್ಯಾಂಕನ್ನಿಟ್ಟರೆ ಸಾಕು, ಆ ಶೌರ್ಯದ ಅಳತೆಯೂ ತೆತ್ತ ಬೆಲೆಯೂ ವಿವರಣೆಯಿಲ್ಲದೆ ಕಣ್ಣಿಗೆ ಬೀಳುತ್ತವೆ. 1994ರಲ್ಲಿ ಸ್ಥಾಪಿತವಾದ ಅಹಮದ್‌ನಗರದ, ಅಂದರೆ 2024ರಲ್ಲಿ ಅಹಿಲ್ಯಾನಗರವೆಂದು ಹೆಸರು ಬದಲಾದ ಊರಿನ, ಟ್ಯಾಂಕುಗಳ ವಸ್ತುಸಂಗ್ರಹಾಲಯದಲ್ಲಿ ಪ್ಯಾಟನ್ನಿನ ಮೂಲವನ್ನೇ ನೋಡಿ ಬರಬಹುದು. ಕರ್ನಾಟಕದ ಶಾಲೆಗಳಿಗೂ ಅದು ತಲುಪಲಾರದಷ್ಟು ದೂರವೇನಲ್ಲ.

ಇಂದು ಮೂರು ಆಯಾಮಗಳಲ್ಲಿ ಅಚ್ಚುಹಾಕುವ ಯಂತ್ರಗಳು ಬಂದಿವೆ. ಬೇಕಾದ ಸೂಕ್ಷ್ಮಭಾಗಗಳೆಲ್ಲ ಹಣಕ್ಕೆ ಸಿದ್ಧವಾಗಿ ದೊರೆಯುತ್ತವೆ. ಹೀಗಿರುವಾಗ ವಿವರವನ್ನು ಕೊಳ್ಳುವುದಕ್ಕೂ ಅರಿಯುವುದಕ್ಕೂ ಇರುವ ಅಂತರವನ್ನು ಉಪಾಧ್ಯಾಯರು ಮಕ್ಕಳಿಗೆ ಮನಗಾಣಿಸುವುದು ಅತ್ಯವಶ್ಯ. ಶಾಲೆಯಲ್ಲಿ ಟ್ಯಾಂಕುನಾಶಕವನ್ನೇ ಕಟ್ಟಿಸಬೇಕೆಂದೇನೂ ಅಲ್ಲ. ಊರ ಹೊರಗಿನ ಹಳೆಯ ಬಾವಿಯನ್ನೋ ರಾಟೆಯನ್ನೋ ಅಳೆದು ಕಟ್ಟಿಸಿದರೂ ಆದೀತು. ಮೂಲವನ್ನು ನೋಡು, ಅಳೆ, ಹೋಲಿಸು, ತಪ್ಪನ್ನು ತೋರಿಸಿದವನನ್ನು ಗೌರವಿಸು, ವಸ್ತುವಿನ ಹಿಂದಿರುವ ಮನುಷ್ಯನನ್ನು ಮರೆಯದಿರು: ಈ ಐದು ಪಾಠಗಳು ಕೈಯ ಮೂಲಕ ಮನಸ್ಸಿಗೆ ಇಳಿದರೆ ಸಾಕು. ಐದನೆಯದನ್ನು ಬಿಟ್ಟು ಮೊದಲ ನಾಲ್ಕನ್ನು ಕಲಿತವನು ಕುಶಲನಾದಾನು, ವಿದ್ಯಾವಂತನಾಗಲಾರನು.