ಮೊದಲು ತಪ್ಪು, ಆಮೇಲೆ ಪರಿಹಾರ
ಎನ್.ಆರ್. ಕಾಲೋನಿಯ ಪಿಯು ತರಗತಿಯೊಂದರಲ್ಲಿ ನನ್ನ ಅಭ್ಯಾಸ ಪಾಠ: ಜಾವಾಸ್ಕ್ರಿಪ್ಟಿನ ಎರಡು ವರ್ಕರ್‌ಗಳು ಒಂದೇ ಮೆಮೊರಿಯನ್ನು ಹಂಚಿಕೊಂಡಾಗ ಏನಾಗುತ್ತದೆ. ವ್ಯಾಖ್ಯೆಯಿಂದ ಶುರು ಮಾಡಿದೆ, ತರಗತಿ ಆಕಳಿಸಿತು. ಮರುದಿನ ಹಲಗೆಯಲ್ಲಿ 5 ಬರೆದು ಇಬ್ಬರನ್ನು ಕರೆದೆ. ಇಬ್ಬರೂ ಅದನ್ನು ಓದಿಕೊಂಡು, ಬೆನ್ನು ತಿರುಗಿಸಿ ಒಂದು ಕೂಡಿಸಿ, ಒಬ್ಬರಾದ ಮೇಲೊಬ್ಬರು ಅಳಿಸಿ ಬರೆದರು. ಉಳಿದದ್ದು 6. “ಮಿಸ್, 7 ಆಗಬೇಕಿತ್ತಲ್ಲ!” ಎಂದು ಹಿಂದಿನ ಬೆಂಚಿನಿಂದ ಕೂಗು. 2017ರಲ್ಲಿ ಈ ಭಾಷೆಗೆ ಸೇರಿದ ಅಟಾಮಿಕ್ಸ್.ಆಡ್, ಓದು, ಕೂಡು, ಬರೆ ಮೂರನ್ನೂ ನಡುವೆ ಯಾರೂ ನುಗ್ಗದಂತೆ ಒಂದೇ ಏಟಿಗೆ ಮುಗಿಸುತ್ತದೆ ಎಂದಾಗ ಯಾರಿಗೂ ವ್ಯಾಖ್ಯೆ ಬೇಕಾಗಲಿಲ್ಲ.

ತಪ್ಪು ಕಣ್ಣೆದುರು ನಡೆಯದೆ ಪರಿಹಾರ ಹೇಳಬಾರದು ಎಂಬುದು ನನ್ನ ವಾದ. ಅಂದು ‘ತರಗತಿ ನಿಯಂತ್ರಣ’ಕ್ಕೆ ನನಗೆ ಅಂಕ ಕಡಿಮೆ ಬಂತು. ಆ ಗದ್ದಲವೇ ಪಾಠದ ಪೀಠಿಕೆ ಎಂಬುದನ್ನು ವೀಕ್ಷಕರು ಗಮನಿಸಬೇಕಿತ್ತು.